ಚೀಟಿಯಿಲ್ಲದ ಬೇಸಿಗೆ

ಝರೆಪ್ಪ ಮಾತಾಡುವಾಗ ನಮ್ಮ ಕಡೆ ಮುಖ ಮಾಡುತ್ತಿರಲಿಲ್ಲ. ಗಾಳಿಯ ಕಡೆ ಮಾಡುತ್ತಿದ್ದ. ಮಾತಿನ ನಡುವೆ ಗಾಳಿ ತಿರುಗಿದರೆ ಅವನೂ ತಿರುಗುತ್ತಿದ್ದ. ಹಾಗಾಗಿ ಬೀದರಿನ ನಮ್ಮ ಅರಣ್ಯ ಕಚೇರಿಯ ಅಂಗಳದಲ್ಲಿ ಅವನ ಜೊತೆ ಮಾತಾಡುವುದೆಂದರೆ ಅವನಿಗೊಂದು ಪ್ರದಕ್ಷಿಣೆ ಹಾಕಿದಂತೆ. ಈಗ ಅವನ ಮುಖ ನೆನೆಯಲು ಕೂತರೆ ನನಗೆ ಸಿಗುವುದು ಒಂದು ಕಿವಿ, ಅದರ ಮೇಲೆ ಸಿಕ್ಕಿಸಿದ ಅರ್ಧ ಬೀಡಿ. ಬೇಸಿಗೆ ಮುಗಿಯುವ ತನಕ ಅದನ್ನು ಹೊತ್ತಿಸುತ್ತಿರಲಿಲ್ಲ. ಮೂಗು ಹೇಗಿತ್ತು ಎಂದು ಕೇಳಿದರೆ ನಾನು ಸುಳ್ಳು ಹೇಳಬೇಕಾಗುತ್ತದೆ.

ಅವನು ನಮ್ಮಲ್ಲಿ ನಾಲ್ಕು ತಿಂಗಳ ನೌಕರ. ಶಿಮಗಾ, ಅಂದರೆ ಹೋಳಿ ಹುಣ್ಣಿಮೆಗೆ ಬರುವುದು, ಜೂನಿನಲ್ಲಿ ಮೃಗದ ಮಳೆ ಬಿದ್ದರೆ ಹೋಗುವುದು. ಕಮಠಾಣದಾಚೆ ನಿಜಾಮರ ಕಾಲದ ಬೇಟೆಯ ಕಾಡಿತ್ತು. ರಮಣಾ ಎನ್ನುತ್ತಿದ್ದೆವು. ಬೇಟೆ ನಿಂತುಹೋಗಿ ಚಿಗರಿಗಳಷ್ಟೇ ಉಳಿದಿದ್ದವು, ಜೊತೆಗೆ ಎದೆಮಟ್ಟದ ಒಣಹುಲ್ಲು. ಅದಕ್ಕೆ ಬೆಂಕಿ ಬೀಳದಂತೆ ಕಾಯುವುದು ಝರೆಪ್ಪನ ಕೆಲಸ. ಉಳಿದ ದಿನಗಳಲ್ಲಿ ಔರಾದ ಕಡೆ ತುಂಡು ಹೊಲ, ಸುಗ್ಗಿಯ ನಂತರ ಭಾಲ್ಕಿಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬುವುದು. ಒಂದೆಡೆ ನಿಂತ ಮನುಷ್ಯನಲ್ಲ.

ಬೆಂಕಿ ಕಾಯುವವರು ಮೊದಲು ಬೆಂಕಿ ಹಚ್ಚಬೇಕು. ಬೆಳಗಿನ ಇಬ್ಬನಿಯಲ್ಲಿ ಕಾಡಿನ ಅಂಚಿನ ಹುಲ್ಲನ್ನು ಪಟ್ಟಿಯಾಗಿ ಸುಟ್ಟರೆ ಹೊರಗಿನ ಬೆಂಕಿ ಒಳಗೆ ದಾಟುವುದಿಲ್ಲ. ಝರೆಪ್ಪ ಕಂಬಳಿಯಿಂದ ಒಂದೆಳೆ ಉಣ್ಣೆ ಕಿತ್ತು ಗಾಳಿಗೆ ಬಿಡುತ್ತಿದ್ದ. ಅದು ಹೋದ ದಿಕ್ಕು ನೋಡಿಕೊಂಡು, ಕಡ್ಡಿ ಗೀರುವ ಮುಂಚೆ ಪಟ್ಟಿಯ ಉದ್ದಕ್ಕೂ ಹುಲ್ಲಿನೊಳಗೆ ಬರಿಗಾಲಲ್ಲಿ ನಡೆಯುತ್ತಿದ್ದ. ಒಮ್ಮೆ ಗುಮಾಸ್ತನಾದ ನಾನೂ ಹಾಜರಿ ಬರೆಯಲು ಹೋಗಿದ್ದೆ. ಝರೆಪ್ಪ ನಡುವೆ ನಿಂತು, ಕಂಬಳಿಯನ್ನು ಕೈಗೆ ಸುತ್ತಿಕೊಂಡು ಚಿಗರಿ ಮರಿಯೊಂದನ್ನು ಎತ್ತಿದ. ಮನುಷ್ಯರ ಕೈವಾಸನೆ ತಾಗಿದರೆ ತಾಯಿ ಸೇರಿಸುವುದಿಲ್ಲವಂತೆ. ಅದು ಯಾಕೆ ಓಡಲಿಲ್ಲ ಎಂದು ಕೇಳಿದೆ.

“ಅವ್ವ ಸುಮ್ಮ ಬಿದ್ಕೋ ಅಂತ ಹೇಳಿ ಹೋಗಿರ್ತಾಳರಿ. ಬೆಂಕಿ ಬಂದ್ರೂ ಅದು ಅವ್ವನ ಮಾತು ಮೀರಲ್ಲ. ನಮ್ಮಂಗ ಅಲ್ಲರಿ ಅದು.”

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಬೇಸಿಗೆ. ದಕ್ಷಿಣದಿಂದ ಹೊಸ ರೇಂಜರ್ ಬಂದಿದ್ದರು. ಒಳ್ಳೆಯವರೇ. ಅವರಿಗೆ ಝರೆಪ್ಪನ ಕನ್ನಡ ತಿಳಿಯುತ್ತಿರಲಿಲ್ಲ, ಅವನಿಗೆ ಅವರದು. ನಾನು ನಡುವೆ ನಿಂತು ಕನ್ನಡವನ್ನು ಕನ್ನಡಕ್ಕೇ ಅನುವಾದಿಸುತ್ತಿದ್ದೆ. ಅವರೊಂದು ಆದೇಶ ತಂದಿದ್ದರು: ಈ ಬೇಸಿಗೆಯೂ ಸೇರಿ ಸತತ ಹತ್ತು ಬೇಸಿಗೆ ಕೆಲಸ ಮಾಡಿದವರು ಕಾಯಂ. ಅಂಥವರ ಪಟ್ಟಿ ಈ ಸಲ ಮಾತ್ರ, ಮತ್ತೆ ಮಾಡುವುದಿಲ್ಲ.

ಝರೆಪ್ಪ ಬಿದಿರಿನ ಕೊಳವೆಯಿಂದ ಚೀಟಿಗಳನ್ನು ಮೇಜಿನ ಮೇಲೆ ಸುರಿದ. ಕೆಲಸ ಮಾಡಿದ್ದಕ್ಕೆ ಕಚೇರಿ ಕೊಟ್ಟವು, ಪ್ರತಿ ಬೇಸಿಗೆಗೊಂದು. ಎಲ್ಲ ಉರ್ದು, ಹಳೆಯವಕ್ಕೆ ನಿಜಾಮರ ಫಸಲಿ ಇಸವಿ, ಇಂಗ್ಲಿಷ್ ಇಸವಿಗಿಂತ ಐನೂರ ತೊಂಬತ್ತು ವರ್ಷ ಹಿಂದೆ. ಒಂದರ ಇಸವಿಯನ್ನು ನಾನು ಇದ್ದಂತೆಯೇ ಓದಿದಾಗ ರೇಂಜರ್ ನಕ್ಕು, ಹಾಗಾದರೆ ಈತ ಬಹಮನಿ ಸುಲ್ತಾನರ ಹತ್ತಿರ ಕೆಲಸಕ್ಕೆ ಸೇರಿರಬೇಕು ಎಂದರು. ಲೆಕ್ಕ ಹಾಕಿ ಇಂಗ್ಲಿಷ್ ಇಸವಿ ಹೇಳುವ ಕೆಲಸ ನನ್ನದಾಯಿತು. ಆ ಕಚೇರಿಯಲ್ಲಿ ಆ ಚೀಟಿಗಳನ್ನು ಓದಬಲ್ಲವನು ನಾನೊಬ್ಬನೇ.

ಒಂದು ಚೀಟಿ ಇರಲಿಲ್ಲ. ರಜಾಕಾರರ ಗಲಾಟೆಯ ಬೇಸಿಗೆಯದು. ಅದರ ಹಿಂದಿನ ವರ್ಷದ್ದಿತ್ತು, ಮುಂದಿನವೆಲ್ಲ ಇದ್ದವು. ಅದೊಂದು ಸೇರಿದರೆ ಅಲ್ಲಿಂದ ಈ ಬೇಸಿಗೆಯವರೆಗೆ ಸತತ ಹತ್ತು, ಇಲ್ಲದಿದ್ದರೆ ಒಂಬತ್ತು. ಆ ವರ್ಷ ಬಂದಿರಲಿಲ್ಲವೇ ಎಂದು ಕೇಳಿದೆ.

“ಬಂದಿದ್ದೆರಿ. ಕಚೇರಿಗಿ ಕೀಲಿ ಹಾಕಿತ್ತು, ಸಾಹೇಬ್ರು ಹೈದರಾಬಾದಿಗಿ ಓಡಿ ಹೋಗಿದ್ರು. ಹುಲ್ಲಿಗಿ ಅದು ಗೊತ್ತೇನ್ರಿ? ಒಣಗಿ ನಿಂತಿತ್ತು. ಮಳಿ ತನಕಾ ಕಾದೆ.”

“ಹಾಗಂತ ರೇಂಜರ್ ಸಾಹೇಬರಿಗೆ ಹೇಳಲಾ?”

“ಯಾರೂ ಹೇಳಲಾರದ ಕೆಲಸಕ್ಕ ಚೀಟಿ ಹ್ಯಾಂಗ ಬರ್ತದರಿ? ಇದ್ದದ್ದು ಓದ್ರಿ.”

ಹಿಂದಿನ ವರ್ಷದ ಫಸಲಿ ಚೀಟಿಯನ್ನು ಬಾಯಲ್ಲಿ ಒಂದು ವರ್ಷ ಮುಂದೆ ತಳ್ಳಿದ್ದರೆ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಸುಳ್ಳೂ ಆಗುತ್ತಿರಲಿಲ್ಲ.

ಇಲ್ಲಿ ನಾನು ನಿಲ್ಲಬೇಕು. ಈ ಕಥೆಯನ್ನು ಮೈಲೂರಿನ ನನ್ನ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಒಂದು ಸಲ ನಾನು ತಳ್ಳಿದೆ, ಅವನು ಕಾಯಂ ಆದ. ಇನ್ನೊಂದು ಸಲ ತಳ್ಳಿದೆ, ರೇಂಜರ್ ಹಿಡಿದರು, ಬೈಸಿಕೊಂಡೆ. ಹೇಳುತ್ತ ಹೇಳುತ್ತ ಆ ಬೈಗುಳ ಕೂಡ ನನಗೆ ಕೇಳಿಸತೊಡಗಿತ್ತು. ಆದದ್ದು ಇಷ್ಟು: ರೇಂಜರ್ ಪೆನ್ನು ಎತ್ತಿ, “ನೀವು ಹೇಳಿದ್ದೇ ಪ್ರಮಾಣ ಕಣ್ರೀ” ಎಂದರು. ನನ್ನ ನೌಕರಿಯೂ ಆಗ ಕಾಯಂ ಆಗಿರಲಿಲ್ಲ. ಒಂಬತ್ತು ಎಂದೆ. ಗಲಾಟೆಯ ವರ್ಷದ ಮಾತೇ ಎತ್ತಲಿಲ್ಲ. ಪ್ರಾಮಾಣಿಕತೆ ಎಂದು ಅದಕ್ಕೆ ಹೆಸರಿಡಬಹುದು. ನನಗೆ ಹೆದರಿಕೆಯಾಗಿತ್ತು.

ಝರೆಪ್ಪ ಚೀಟಿಗಳನ್ನು ಸುತ್ತಿ ಕೊಳವೆಗೆ ತುಂಬಿದ. ಅವಸರವಿತ್ತು, ನೌಬಾದ ಕಡೆ ಹೊಗೆ ಕಾಣುತ್ತಿದೆ ಎಂದ. ಹೋಗಿ ನೋಡಿದೆ, ನನಗೇನೂ ಕಾಣಲಿಲ್ಲ. ಅವನಿಗೆ ಕಾಣಿಸಿತ್ತೋ ಏನೋ.

ಮರುವರ್ಷ ಶಿಮಗಾಕ್ಕೆ ಬಂದ. ಚೀಟಿಯ ಲೆಕ್ಕದಲ್ಲಿ ಅವನ ಸತತ ಹತ್ತು ತುಂಬಿದ್ದು ಆ ಬೇಸಿಗೆ, ಆಗ ಪಟ್ಟಿ ಇರಲಿಲ್ಲ. ಎಂದಿನಂತೆ ಸುಟ್ಟ, ಎಂದಿನಂತೆ ಕಾದ. ಅದರ ಮುಂದಿನ ವರ್ಷ ಬರಲಿಲ್ಲ. ಮುಂಬೈ ರಾಜ್ಯಕ್ಕೆ ಸೇರಿಹೋದ ಉದಗೀರದ ಕಡೆ ಕುರಿ ಹೊಡೆದುಕೊಂಡು ಹೋದನೆಂದು ಒಬ್ಬರು, ಭಾಲ್ಕಿ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದಾನೆಂದು ಇನ್ನೊಬ್ಬರು ಹೇಳಿದರು. ನಾನು ಎರಡೂ ಕಡೆ ಹೋಗಿ ನೋಡಲಿಲ್ಲ.

ಹಾಗಾಗಿ ಕೊನೆಯ ಭೇಟಿ ಎಂದರೆ ಆ ಹತ್ತನೆಯ ಬೇಸಿಗೆಯ ಕೊನೆ. ಮೊದಲ ಮಳೆ ಹನಿಯುತ್ತಿತ್ತು. ಆ ವರ್ಷದಿಂದ ಚೀಟಿ ಕನ್ನಡದಲ್ಲಿ. ಬರೆದು, ಮುದ್ರೆ ಒತ್ತಿ ಕೊಟ್ಟೆ. ಅವನು ಅದನ್ನು ಮಳೆಗೆ ನೆನೆಯದಂತೆ ಎದೆಗೊತ್ತಿಕೊಂಡು, ಇದು ಯಾರ್ಯಾರಿಗೆ ಓದಲು ಬರುತ್ತದೆ ಎಂದು ಕೇಳಿದ. ಈಗ ಕಚೇರಿಯಲ್ಲಿ ಎಲ್ಲರಿಗೂ ಬರುತ್ತದೆ ಎಂದೆ.

“ಛಲೋ ಆಯ್ತು ಬಿಡ್ರಿ. ಹೋದ್ ವರ್ಷ ನೀವೊಬ್ರೇ ಓದಬೇಕಾಯ್ತು. ಭಾಳ ತ್ರಾಸ ಆಯ್ತು ನಿಮಗ.”