ಇಬು ಫ್ರೆಡೆರಿಕಾ ಪಾಂಡಿ ಮತ್ತು ಹತ್ತೊಂಬತ್ತನೆಯ ಹೆಸರು

ರೋತೆ ದ್ವೀಪದ ಪಶ್ಚಿಮ ಕರಾವಳಿಯ ಕ್ರೈಸ್ತ ಸಭೆಗಳಲ್ಲಿ ಧರ್ಮೋಪದೇಶದ ಸೇವೆಯನ್ನು ನಿಷ್ಠೆಯಿಂದ ನಡೆಸಿದವರು ಹಲವರಿದ್ದಾರೆ. ಆ ಉಪದೇಶವನ್ನು ಕಂಠಪಾಠದ ಕೋಣೆಯಿಂದ ಹೊರಗೆ ಕರೆತಂದು, ಮೊಣಕಾಲುಮಟ್ಟದ ಉಪ್ಪುನೀರಿನಲ್ಲಿ ನಿಲ್ಲಿಸಿದ ಕೀರ್ತಿ ಮಾತ್ರ ಓಯೆಲೆಂಗು ಸಭೆಯ ಇಬು ಫ್ರೆಡೆರಿಕಾ ಪಾಂಡಿಯವರದು. ಮೂವತ್ತೇಳು ವರ್ಷಗಳ ಸೇವೆಯನ್ನು ಮುಗಿಸಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಊರಿನಲ್ಲಿ ಐವತ್ತು ದಾಟದ ಯಾರನ್ನು ಕೇಳಿದರೂ ತಾವು ಕರ್ತನ ಭೋಜನಕ್ಕೆ ಮೊದಲ ಸಲ ಕೈಯೊಡ್ಡಿದ್ದು 'ಇಬು ಗುರು'ಗಳ, ಎಂದರೆ ಗುರುತಾಯಿಯ, ಅಪ್ಪಣೆಯ ಮೇಲೆ ಎಂದೇ ಹೇಳುತ್ತಾರೆ.

ಅವರು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಒಂದು ತಗಡಿನ ಪೆಟ್ಟಿಗೆಯೊಂದಿಗೆ ಓಯೆಲೆಂಗುವಿಗೆ ಬಂದಿಳಿದಾಗ ಸಭೆಯ ಹಿರಿಯರಿಗೆ ಅಷ್ಟೇನೂ ಸಂತೋಷವಾಗಲಿಲ್ಲ. ಅವರು ಕೇಳಿದ್ದು ಗಂಡಸು ಉಪದೇಶಕರನ್ನು. ಸಾಲದ್ದಕ್ಕೆ, ಬಂದ ಹುಡುಗಿಯ ರಾಗಜ್ಞಾನ ಮೊದಲ ಭಾನುವಾರವೇ ಬಯಲಾಯಿತು. ಅವರು ಕೀರ್ತನೆ ಎತ್ತಿದರೆ ಹಿಂದಿನ ಸಾಲಿನ ಹೆಂಗಸರು ಶಾಲಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಇಂದಿಗೂ ಆ ವಿಷಯದಲ್ಲಿ ಸುಧಾರಣೆಯೇನೂ ಆಗಿಲ್ಲವೆಂಬುದನ್ನು ಅಭಿನಂದನೆಯ ಲೇಖನದಲ್ಲಿಯೂ ಮರೆಮಾಚುವಂತಿಲ್ಲ.

ತಾಳೆಮರದ ಕಸುಬಿನ, ಅಕ್ಷರ ಬಾರದ ಮುದುಕ ಒಬೆದ್ ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, ಕರ್ತನ ಭೋಜನಕ್ಕೆ ಸೇರಿಸಿಕೊಳ್ಳುವ ದೃಢೀಕರಣ ಬೇಕೆಂದು ಬಂದಾಗ, ಅವನನ್ನು ಹದಿನಾರರ ಮಕ್ಕಳ ನಡುವೆಯೇ ಕೂರಿಸಿ, ಪುಸ್ತಕದ ಬದಲು ಬಾಯಿಮಾತಿನಲ್ಲಿಯೇ ಎರಡು ವರ್ಷ ಕಲಿಸಿದವರು ಅವರು. ಕಿವಿ ಕೇಳದ ಒಬ್ಬಳು ಹುಡುಗಿಗಾಗಿ ಹತ್ತು ಆಜ್ಞೆಗಳಿಗೆ ಕೈಸನ್ನೆಗಳನ್ನು ಕಟ್ಟಿ, ಅವಳು ಒಂಟಿಯಾಗದಿರಲೆಂದು ಇಡೀ ತರಗತಿಗೆ ಅವನ್ನು ಕಲಿಸಿದವರೂ ಅವರೇ. ಊರಿನವರು ನೀರಿನಲ್ಲಿ ಗೂಟ ನೆಟ್ಟು ಕಟ್ಟಿದ ಹಗ್ಗಗಳಲ್ಲಿ ಕಡಲಕಳೆ ಬೆಳೆಸುವ ಬೇಸಾಯಕ್ಕೆ ಇಳಿದ ಮೇಲೆ ತರಗತಿಯ ಹೊತ್ತು ಗಡಿಯಾರವನ್ನು ಬಿಟ್ಟು ಕಡಲಿನ ಇಳಿತವನ್ನು ಅನುಸರಿಸತೊಡಗಿತು. ಇವೆಲ್ಲವೂ ಈ ಸಂಪುಟದ ಬೇರೆ ಲೇಖನಗಳಲ್ಲಿ ಬಂದಿರಬಹುದು. ಇಲ್ಲಿ ಹೇಳಬೇಕಾದದ್ದು ಅವರ ಸೇವೆಯ ಹದಿನೇಳನೆಯ ವರ್ಷದ ಸಂಗತಿ. ಆ ವರ್ಷ ಅವರು ಒಬ್ಬನಿಗೆ 'ಇಲ್ಲ' ಎಂದರು.

ಆ ವರ್ಷ ತರಗತಿಯಲ್ಲಿ ಹತ್ತೊಂಬತ್ತು ಮಂದಿ. ಅವರಲ್ಲಿ ಹಿರಿಯನು ಗ್ರಾಮದ ಮುಖ್ಯಸ್ಥ ಲಾಜರಸ್ ಮೆಸ್ಸಾಖ್ ಅವರ ಮಗ, ಇಪ್ಪತ್ತೆರಡರ ಮಿಯಸ್. ಅವನ ಮದುವೆ ನಿಶ್ಚಯವಾಗಿತ್ತು. ದೃಢೀಕರಣವಾಗದವನಿಗೆ ದೇವಾಲಯದಲ್ಲಿ ಮದುವೆಯಿಲ್ಲವಾದ್ದರಿಂದ ಬಂದು ಕುಳಿತಿದ್ದ. ಬುದ್ಧಿವಂತ, ಕೇಳಿದ ಪ್ರಶ್ನೆಗೆಲ್ಲ ತಡವರಿಸದೆ ಉತ್ತರ ಹೇಳುತ್ತಿದ್ದ. ಆದರೆ ದೃಢೀಕರಣಕ್ಕೆ ಯೋಗ್ಯರಾದವರ ಪಟ್ಟಿಯನ್ನು ಸಭೆಯಲ್ಲಿ ಓದುವುದಕ್ಕೆ ಹತ್ತು ದಿನ ಮೊದಲು ಅವನ ದೋಣಿಯ ಯಂತ್ರಕ್ಕೆ ವಿಧವೆ ಓರ್ಪಾಳ ಕಡಲಕಳೆಯ ಹಗ್ಗ ಸುತ್ತಿಕೊಂಡಿತು. ಅವನು ಸಿಟ್ಟಿನಲ್ಲಿ ಕತ್ತಿ ತೆಗೆದು, ಸುತ್ತಿಕೊಂಡ ಒಂದನ್ನಲ್ಲ, ಕೊಯ್ಲಿಗೆ ಬಂದಿದ್ದ ಏಳು ಸಾಲುಗಳನ್ನೂ ಕಡಿದು ಅಲೆಗೆ ಬಿಟ್ಟ. ಕೇಳಿದವರಿಗೆ ಆಮೆಗಳು ತಿಂದಿರಬೇಕು ಎಂದ. ಕತ್ತಿಯ ಗುರುತಿದ್ದ ಹಗ್ಗದ ತುಂಡುಗಳು ದಡಕ್ಕೆ ಬಂದು ಬಿದ್ದಿದ್ದವು, ಊರಿಗೆಲ್ಲ ಗೊತ್ತಿತ್ತು. ಮುಖ್ಯಸ್ಥರ ಮಗನೆಂದು ಯಾರೂ ಬಾಯಿಬಿಡಲಿಲ್ಲ, ಓರ್ಪಾಳೂ ಬಿಡಲಿಲ್ಲ.

ಪಟ್ಟಿ ಓದುವ ಭಾನುವಾರ ಫ್ರೆಡೆರಿಕಾ ಅವರು ಎದ್ದು ಹದಿನೆಂಟು ಹೆಸರುಗಳನ್ನು ಓದಿ ಕಾಗದ ಮಡಿಸಿದರು. ಮುಂದಿನ ಸಾಲಿನಿಂದ ಲಾಜರಸ್ ಎದ್ದುನಿಂತರು.

"ಇಬು ಗುರು, ಒಂದು ಹೆಸರು ಬಿಟ್ಟೋಯ್ತು."

"ಬಿಟ್ಟೋಗ್ಲಿಲ್ಲ, ಬಾಪಾ. ನಾನೇ ಬಿಟ್ಟಿದ್ದು."

"ಯಾಕೆ? ನನ್ನ ಮಗನಿಗೆ ಯಾವ ಪಾಠ ಬರಲ್ಲ ಹೇಳಿ ನೋಡೋಣ!"

ಫ್ರೆಡೆರಿಕಾ ಅವರು ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಹತ್ತು ದಿನಗಳಿಂದ ಎದೆಯಲ್ಲಿ ಅದುಮಿಟ್ಟುಕೊಂಡಿದ್ದ ಕೋಪ ಅವರ ನಾಲಗೆಯ ಹಿಡಿತ ತಪ್ಪಿಸಿತು. "ಪಾಠ ಎಲ್ಲಾ ಬರುತ್ತೆ. ಓರ್ಪಾಳ ಹಗ್ಗ ಕಡಿದು, ಆಮೆ ಮೇಲೆ ಹಾಕಕ್ಕೂ ಬರುತ್ತೆ" ಎಂದುಬಿಟ್ಟರು. ದೇವಾಲಯದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಿಯಸ್ ಕಿವಿಯವರೆಗೂ ಕೆಂಪಾಗಿ ಹೊರಗೆ ನಡೆದ.

ಮರುದಿನದಿಂದ ಒತ್ತಡ ಆರಂಭವಾಯಿತು. ಲಾಜರಸ್ ಅವರು ಮನೆಗೇ ಬಂದು, ಕೊಟ್ಟ ತಾಳೆಬೆಲ್ಲದ ನೀರನ್ನು ಮುಟ್ಟದೆ ಕುಳಿತರು. "ಮದುವೆಗೆ ಅಂತ ಆರು ಹಂದಿ ಕಟ್ಟಾಕಿದೀನಿ. ನೀವು ತಡ ಮಾಡಿದಷ್ಟೂ ಅವು ನನ್ನ ಕಣಜಾನೇ ಮೇಯ್ತಾವೆ. ಪಟ್ಟಣದ ಸಭೇಲಿ ದೃಢೀಕರಣ ಮಾಡಿಸ್ತೀನಿ. ಪಾಠ ಮುಗಿಸಿದಾನೆ ಅಂತ ಒಂದು ಪತ್ರ ಬರ್ಕೊಡಿ. ಇಲ್ಲಾಂದ್ರೆ ಮುಂದಿನ ವರ್ಷ ಈ ಊರಲ್ಲಿ ಬೇರೆ ಗುರು ಇರ್ತಾರೆ."

"ಬೇರೆ ಗುರು ಬಂದ್ರೆ ಅವರಿಗೂ ಇದನ್ನೇ ಹೇಳ್ತೀನಿ, ಬಾಪಾ" ಎಂದರು ಫ್ರೆಡೆರಿಕಾ. "ಪತ್ರ ಮಾತ್ರ ಬರೆಯಲ್ಲ."

ಆಗಿನ ಸಭಾಪಾಲಕರಾದ ಮೆಲ್ಕಿಯನಸ್ ಫೋಯೆ ಅವರು ಸೌಮ್ಯ ಸ್ವಭಾವದವರು. ಅವರು ತಮ್ಮ ಪರವಾಗಿ ಒಂದು ಮಾತು ಹೇಳಿಯಾರೆಂದು ಫ್ರೆಡೆರಿಕಾ ಅವರಲ್ಲಿಗೆ ಹೋದರು. ಸಭಾಪಾಲಕರು ಎಲ್ಲವನ್ನೂ ಕೇಳಿ, ಕನ್ನಡಕ ಒರೆಸುತ್ತಾ ಹೇಳಿದರು: "ನೀವು ಹೆಸರು ಓದದೇ ಇದ್ದದ್ದು ಸರಿ. ಪತ್ರಕ್ಕೆ ನಾನೂ ಸಹಿ ಹಾಕಲ್ಲ. ಆದ್ರೆ ಇಬು, ಹಗ್ಗ ಕಡಿದ ಮೇಲೆ ಹತ್ತು ದಿನ ಇತ್ತಲ್ಲ, ಅವನ ಹತ್ರ ಒಂದು ಸಲನಾದ್ರೂ ಕೂತು ಮಾತಾಡಿದ್ರಾ?"

ಅವರು ಮಾತಾಡಿರಲಿಲ್ಲ. ಅವನೇ ಬರಲಿ ಎಂದು ಕಾದಿದ್ದರು. ಕಾಯುತ್ತಾ ಕಾಯುತ್ತಾ ಕೋಪವನ್ನು ಬೆಳೆಸಿದ್ದರು. ಆ ಪ್ರಶ್ನೆ ಅವರನ್ನು ಎರಡು ದಿನ ಚುಚ್ಚಿತು. ತಾವು ಹಿಡಿದ ಹಟ ಸರಿಯಾದದ್ದೇ, ಹಿಡಿದ ಕೈ ಮಾತ್ರ ಸ್ವಚ್ಛವಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು, ಮುಖ್ಯಸ್ಥರ ಬೆದರಿಕೆಯನ್ನು ಎದುರಿಸುವುದಕ್ಕಿಂತ ಕಷ್ಟವಾಗಿತ್ತೆಂದು ಅವರೇ ಮುಂದೆ ಎಷ್ಟೋ ತರಗತಿಗಳಲ್ಲಿ ಹೇಳಿದ್ದುಂಟು.

ಗುರುವಾರ ಮಧ್ಯಾಹ್ನ ಅವರು ಮೆಸ್ಸಾಖ್ ಮನೆಯ ಅಂಗಳದಲ್ಲಿ ನಿಂತರು. ಮಿಯಸ್ ಬಲೆ ಹೆಣೆಯುತ್ತಿದ್ದವನು ತಲೆ ಎತ್ತಲಿಲ್ಲ.

"ಮಿಯಸ್, ಆ ಮಾತನ್ನ ನಿನ್ನ ಹತ್ರ ಬಂದು ಹೇಳ್ಬೇಕಿತ್ತು. ಎಲ್ಲರೆದುರು ಹೇಳಿ ನಿನ್ನ ಮಾನ ಕಳೆದೆ. ಅದು ನನ್ನ ತಪ್ಪು. ಕ್ಷಮಿಸು."

ಬಾಗಿಲಲ್ಲಿ ನಿಂತಿದ್ದ ಲಾಜರಸ್ ಅವರ ಮುಖ ಅರಳಿತು. "ಅಂತೂ ಬುದ್ಧಿ ಬಂತು! ಹಾಗಾದ್ರೆ ಈ ಭಾನುವಾರ ಹೆಸರು ಓದ್ತೀರಿ ತಾನೆ?"

"ಇಲ್ಲ ಬಾಪಾ. ನನ್ನ ತಪ್ಪು ನಂದು, ಅವನದು ಅವನದು. ಭಾನುವಾರ ನನ್ನದನ್ನ ಸಭೆ ಮುಂದೆನೂ ಹೇಳ್ತೀನಿ. ತಪ್ಪು ಮಾಡಿದ್ದು ಅಲ್ಲೇ ಅಲ್ವಾ?"

ಹೇಳಿದಂತೆಯೇ ಮಾಡಿದರು. ಆರಾಧನೆ ಮುಗಿಯುವ ಮುನ್ನ ಎದ್ದು, ತಮ್ಮ ಕೋಪದಿಂದ ಒಬ್ಬ ಶಿಷ್ಯನನ್ನು ಅವಮಾನಿಸಿದ್ದಾಗಿ ಹೇಳಿ, ಸಭೆ ತಮ್ಮನ್ನು ಕ್ಷಮಿಸಬೇಕೆಂದು ಕೇಳಿದರು. ಆ ಸಲ ಯಾರೂ ನಗಲಿಲ್ಲ. ಮಿಯಸ್ ಕೊನೆಯ ಕೀರ್ತನೆಗೂ ನಿಲ್ಲದೆ ಹೊರಟುಹೋದ. ಪಟ್ಟಣದ ದೋಣಿ ಹತ್ತಿದನೆಂದೇ ಎಲ್ಲರೂ ತಿಳಿದರು. ಫ್ರೆಡೆರಿಕಾ ಅವರೂ ಹಾಗೆಯೇ ತಿಳಿದರು.

ಅವನು ಹೋದದ್ದು ಮೊದಲು ತಾನು ಮದುವೆಯಾಗಲಿದ್ದ ಯುಸ್ಮಿನಾಳ ಮನೆಗೆ. ಅವಳ ಮಾತನ್ನು ಅವನೇ ಆಮೇಲೆ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದ: "ಆಮೆ ಮೇಲೆ ಸುಳ್ಳು ಹೇಳಿದೋನು ನಾಳೆ ನನ್ನ ಮೇಲೆ ಹೇಳಲ್ವಾ? ಓರ್ಪಾ ಹತ್ರ ಹೋಗಿ ಬಾ. ಹಂದಿಗಳಿಗೇನವಸರ, ಅವು ಕಾಯ್ತಾವೆ."

ಅಲ್ಲಿಂದ ಅವನು ಓರ್ಪಾಳ ಗುಡಿಸಲಿಗೆ ಬಂದ. ಓರ್ಪಾ ನೆಡಲು ಕಡಲಕಳೆಯ ಚೂರುಗಳನ್ನು ಆರಿಸುತ್ತಿದ್ದಳು. ಅವನು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಅವಳು ಒಂದು ಹಗ್ಗದ ಸುರುಳಿಯನ್ನು ಅವನ ಕಾಲ ಬಳಿ ಎಸೆದಳು.

"ಕ್ಷಮೆ ಸರಿ. ಗಂಟು ಹಾಕಕ್ಕೆ ಬರುತ್ತಾ?"

"ಬರುತ್ತೆ."

ಅವನು ಹಾಕಿದ ಮೊದಲ ಗಂಟನ್ನು ನೋಡಿ ಓರ್ಪಾ ಬಾಯಿತುಂಬ ನಕ್ಕಳು. "ಇದು ಗಂಟಾ? ಏಡಿ ಕೆಮ್ಮಿದ್ರೂ ಬಿಚ್ಚೋಗುತ್ತೆ. ಬಿಚ್ಚು, ಮತ್ತೆ ಹಾಕು."

ಮರುದಿನದ ಇಳಿತದಲ್ಲಿ ಫ್ರೆಡೆರಿಕಾ ಅವರು ಸುದ್ದಿ ತಿಳಿದು ದಡಕ್ಕೆ ಬಂದಾಗ ಅವನು ಮೊಣಕಾಲುಮಟ್ಟದ ನೀರಿನಲ್ಲಿ ಒಬ್ಬನೇ ಗೂಟ ನೆಡುತ್ತಿದ್ದ. ಅವರು ಲುಂಗಿ ಎತ್ತಿಕಟ್ಟಿ ನೀರಿಗಿಳಿದು ಹಗ್ಗದ ಇನ್ನೊಂದು ತುದಿ ಹಿಡಿದರು. ಅದರ ಮರುದಿನ ತರಗತಿಯ ಹದಿನೆಂಟು ಮಂದಿಯೂ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಏಳು ಸಾಲುಗಳು ನಾಲ್ಕು ಇಳಿತಗಳಲ್ಲಿ ಮತ್ತೆ ಎದ್ದವು. ಆದರೆ ಮಿಯಸ್ ಅಲ್ಲಿಗೇ ಬಿಡಲಿಲ್ಲ. ಕೊಯ್ಲಿನವರೆಗಿನ ನಲವತ್ತೈದು ದಿನವೂ ಬಂದು ಪಾಚಿ ಕಿತ್ತು, ಸಡಿಲವಾದದ್ದನ್ನು ಬಿಗಿದ. ಕೊಯ್ಲು ಮುಗಿದ ಭಾನುವಾರ ಅವನ ಹೆಸರನ್ನು ಓದುವ ಹೊತ್ತಿಗೆ ಫ್ರೆಡೆರಿಕಾ ಅವರ ಕೈಯಿಂದ ಕಾಗದವನ್ನು ಓರ್ಪಾ ತೆಗೆದುಕೊಂಡಳು. ಅವಳಿಗೆ ಓದಲು ಬಾರದು. ಅದರಲ್ಲಿ ಇದ್ದದ್ದೂ ಒಂದೇ ಹೆಸರು. ಅವಳು ಕಾಗದವನ್ನು ನೋಡದೆಯೇ ಆ ಹೆಸರನ್ನು ಗಟ್ಟಿಯಾಗಿ ಹೇಳಿದಳು.

ಲಾಜರಸ್ ಅವರು ಮತ್ತೆ ಎರಡು ವರ್ಷ ಇಬು ಗುರುಗಳ ಕೈಕುಲುಕಲಿಲ್ಲ. ಎಲ್ಲ ಕಥೆಯೂ ಎಲ್ಲರಿಗೂ ಸಿಹಿಯಾಗಿ ಮುಗಿಯುವುದಿಲ್ಲ. ಆದರೆ ಬೇರೆ ಗುರು ಬೇಕೆಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆ ವರ್ಷದಿಂದ ಓಯೆಲೆಂಗು ಸಭೆಯಲ್ಲಿ ದೃಢೀಕರಣದ ಪಟ್ಟಿ ಓದುವುದಕ್ಕೆ ಒಂದು ವಾರ ಮೊದಲು, ಪ್ರತಿಯೊಬ್ಬ ಶಿಷ್ಯನೂ ತಾನು ನೋಯಿಸಿದವರ ಮನೆಗೆ ಹೋಗಿಬರುವ ರೂಢಿ ಬೆಳೆಯಿತು. ಮೊದಲ ದಿನ ಹೊರಡುವವರು ಗುರುಗಳು. "ನನ್ನ ಪಟ್ಟಿನೂ ಉದ್ದ ಇದೆ, ನಡೀರಿ" ಎನ್ನುವುದು ಅವರ ಮಾತು.

ಕಳೆದ ವಾರದ ಬೀಳ್ಕೊಡುಗೆಯಲ್ಲಿ ಹಿರಿಯರು ಅವರಿಗೆ ಒಂದು ಬೆತ್ತದ ಆರಾಮಕುರ್ಚಿಯನ್ನು ಅರ್ಪಿಸಿ, ಇನ್ನಾದರೂ ಕುಳಿತುಕೊಳ್ಳಬೇಕೆಂದು ವಿನಂತಿಸಿದರು. ಎದುರಿನ ಪುಟ್ಟ ದ್ವೀಪದಲ್ಲಿ ಹನ್ನೊಂದು ಕುಟುಂಬಗಳಿಗೆ ಉಪದೇಶಕರಿಲ್ಲವೆಂದೂ ಅಲ್ಲಿಗೆ ಹೋಗಲು ತಾವು ಒಪ್ಪಿಕೊಂಡಿರುವುದಾಗಿಯೂ ಅವರು ಆಗ ತಿಳಿಸಿದರು. ದೋಣಿ ಹತ್ತಿದರೆ ಅವರಿಗೆ ತಲೆಸುತ್ತು ಬರುತ್ತದೆಂಬುದನ್ನು ಬಲ್ಲ ಹೆಂಗಸರು ಕೂಗಿಕೊಂಡರು: "ಅಯ್ಯೋ ಇಬು, ಅರ್ಧ ದಾರೀಲೇ ವಾಂತಿ ಮಾಡ್ಕೋತೀರಿ!"

"ಮಾಡ್ಕೋತೀನಿ. ಆಮೇಲೆ ಇನ್ನರ್ಧ ದಾರಿ ಹೋಗ್ತೀನಿ."

ಅವರಿಗೆ ದೇವರು ದೀರ್ಘಾಯುಷ್ಯವನ್ನೂ ಗಟ್ಟಿಯಾದ ಮೊಣಕಾಲುಗಳನ್ನೂ ಶಾಂತವಾದ ಕಡಲನ್ನೂ ಕರುಣಿಸಲಿ. ಹನ್ನೊಂದು ಮನೆಗಳ ಮಕ್ಕಳು ಅವರ ತಪ್ಪು ರಾಗವನ್ನು ಬಹುಕಾಲ ಕೇಳುವಂತಾಗಲಿ. ವಿಶ್ರಾಂತಿಯನ್ನು ಹಾರೈಸುವ ಧೈರ್ಯ ಈ ಸಭೆಗಿಲ್ಲ. ಆ ಸಂಜೆ ಕುರ್ಚಿಯನ್ನು ಅವರ ಮನೆಗೆ ಹೊತ್ತು ತಂದ ಹಿರಿಯರು ಎಲ್ಲಿಡಬೇಕೆಂದು ಕೇಳಿದಾಗ, ಅವರು ಅದನ್ನು ಕೈಯಿಂದ ಒತ್ತಿ, ಅಲುಗಾಡಿಸಿ, ಗಟ್ಟಿಯಾಗಿದೆಯೆಂದು ಖಚಿತಪಡಿಸಿಕೊಂಡು, "ಚೆನ್ನಾಗಿದೆ, ದೋಣೀಲಿ ಇಡಿ" ಎಂದರು.