ಗೇಣಿಗೊಂದು ಗೆರೆ

ಪಕ್ಕದ ಕೋಣೆಯಲ್ಲಿ ಮಗ್ಗ ಓಡುತ್ತಿದ್ದರೆ ಮಾತ್ರ ಪ್ರಮೋದಾಳಿಗೆ ಓದು ತಲೆಗೆ ಹತ್ತುತ್ತಿತ್ತು. ದೊಡ್ಡಬಳ್ಳಾಪುರದ ಆ ಮನೆಯಲ್ಲೇ ಹುಟ್ಟಿ, ಊರಿನ ಕಾಲೇಜಿನಲ್ಲೇ ಓದಿ, ಈಗ ಅಲ್ಲಿಯೇ ಭೌತಶಾಸ್ತ್ರ ಪಾಠ ಹೇಳುವವಳು. ಸಂಜೆಗಳಲ್ಲಿ ಅವಳಿಗೆ ಬೇರೆಯದೇ ಕೆಲಸ. ಬಹಳ ದೂರದ ಒಂದು ಗ್ರಹದಲ್ಲಿ ಗಾಳಿ ಹೇಗೆ ಸುತ್ತುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಆ ಗ್ರಹ ತನ್ನ ಸೂರ್ಯನಿಗೆ ಸದಾ ಒಂದೇ ಮುಖ ತೋರಿಸುತ್ತದೆ. ಒಂದು ಕಡೆ ಮುಗಿಯದ ಹಗಲು, ಇನ್ನೊಂದು ಕಡೆ ಮುಗಿಯದ ಇರುಳು. ಯಾರೂ ಕಾಣದ ಆ ಆಕಾಶವನ್ನು ಚೌಕ ಚೌಕವಾಗಿ ಭಾಗ ಮಾಡಿ, ಒಂದು ಚೌಕದ ಬಿಸಿ ಪಕ್ಕದ್ದಕ್ಕೆ ಹೇಗೆ ದಾಟುತ್ತದೆಂದು ಕಂಪ್ಯೂಟರಿಗೆ ಹೇಳಿಕೊಡಬೇಕು.

ನಾಲ್ಕು ವರ್ಷ ಹೀಗೆ ಕಳೆದ ಮೇಲೆ, ಗಾಳಿ ಪಟ್ಟಿ ಪಟ್ಟಿಯಾಗಿ ಹರಿಯುವುದು ಕಂಡಿತು. ಅಂಥದ್ದನ್ನು ಯಾರೂ ಬರೆದಿರಲಿಲ್ಲ. ಸೋಮವಾರ ಬೆಂಗಳೂರಿನ ವಿಜ್ಞಾನಿಗಳ ಸಭೆಯಲ್ಲಿ ಅವಳು ಅದನ್ನು ತೋರಿಸಬೇಕಿತ್ತು. ಅಂಥ ಸಭೆಯಲ್ಲಿ ಅವಳು ಮಾತಾಡುವುದು ಅದೇ ಮೊದಲು.

ಶುಕ್ರವಾರ ಮಧ್ಯಾಹ್ನ ಆ ಪಟ್ಟಿಗಳ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ತಂದು ಮಂಚದ ಮೇಲೆ ಹರಡಿದಳು. ತಾಯಿ ಮುನಿಗಂಗಮ್ಮ ಮಗ್ಗ ನಿಲ್ಲಿಸಿ ಬಂದು, ನೇಯ್ದ ಸೀರೆ ಇಳಿಸಿದಾಗ ನೋಡುವಂತೆಯೇ ಬಾಗಿ ನೋಡಿದರು. ಕೈ ಅಗಲಿಸಿ ಗೇಣು ಹಾಕಿದರು.

"ನಿನ್ನ ಮಗ್ಗ ಕೆಟ್ಟೈತೆ ಕಣೇ."

"ಅಮ್ಮಾ, ಇದು ಸೀರೆಯಲ್ಲ, ಗಾಳಿ."

"ಗಾಳಿನೋ ಸೀರೇನೋ. ನೋಡು, ಗೇಣಿಗೊಂದು ಗೆರೆ. ಇಲ್ಲೂ ಗೇಣು, ಅಲ್ಲೂ ಗೇಣು. ನೂಲು ಕೆಟ್ಟಿದ್ರೆ ಗೆರೆ ಎಲ್ಲೆಲ್ಲೋ ಬೀಳ್ತೈತೆ. ಹಿಂಗೆ ಅಳೆದಂಗೆ ಬಿದ್ರೆ ಚಕ್ರದ ಹಲ್ಲು ಸವೆದೈತೆ ಅಂತ."

"ಗಾಳಿಗೆ ಚಕ್ರ ಎಲ್ಲಿಂದ ತರ್ಲಿ? ಸುಮ್ನಿರಮ್ಮ."

"ಗಾಳಿಗಿಲ್ದಿದ್ರೆ ನಿನ್ನ ಕಂಪ್ಯೂಟ್ರಿಗಿರ್ತೈತೆ," ಎಂದು ಮುನಿಗಂಗಮ್ಮ ಹೋಗಿ ಮಗ್ಗ ಹಾಕಿದರು.

ಪ್ರಮೋದಾಳಿಗೆ ಸಿಟ್ಟು ಬಂತು. ಆದರೂ ಎಣಿಸಿದಳು. ಪಟ್ಟಿಯಿಂದ ಪಟ್ಟಿಗೆ ಐದು ಚೌಕ. ಎಲ್ಲಿ ಎಣಿಸಿದರೂ ಐದೇ. ಚೌಕಗಳು ಅವಳೇ ಎಳೆದವು, ಗಾಳಿಗೆ ಅವುಗಳ ಗೊಡವೆಯಿಲ್ಲ. ಚೌಕಗಳನ್ನು ಅರ್ಧಕ್ಕೆ ಕಿರಿದು ಮಾಡಿ ಲೆಕ್ಕವನ್ನು ಮತ್ತೆ ಓಡಿಸಿದಳು. ಪಟ್ಟಿಗಳು ನಿಜವಾಗಿ ಗಾಳಿಯವೇ ಆದರೆ ಇದ್ದಲ್ಲೇ ಇರಬೇಕು.

ಭಾನುವಾರ ಮಧ್ಯಾಹ್ನ ಉತ್ತರ ಬಂತು. ಪಟ್ಟಿಗಳು ಒತ್ತೊತ್ತಾಗಿದ್ದವು. ನಡುವೆ ಮತ್ತೆ ಐದೇ ಚೌಕ.

ಅವಳು ಬೆಂಗಳೂರಿನ ಸಭೆಯವರಿಗೆ ಬರೆದಳು: "ಪಟ್ಟಿಗಳು ಗ್ರಹದವಲ್ಲ, ನನ್ನ ಲೆಕ್ಕದ ತಪ್ಪು. ನಾಳೆಯ ಮಾತನ್ನು ದಯವಿಟ್ಟು ಕೈಬಿಡಿ."

ತಪ್ಪು ಹುಡುಕಿ ತಿದ್ದಲು ಮೂರು ವಾರ ಹಿಡಿಯಿತು. ಈಗ ಗ್ರಹದ ನಡುವಿನಲ್ಲಿ ಅಗಲವಾದ ಒಂದೇ ಗಾಳಿ, ಹಗಲಿನ ಕಡೆಯಿಂದ ಇರುಳಿನ ಕಡೆಗೆ, ಪೂರ್ವಕ್ಕೆ ಹರಿಯುತ್ತಿತ್ತು. ಬೇರೆಯವರು ಮೊದಲೇ ಕಂಡಿದ್ದ ಗಾಳಿ.

"ಸರಿಹೋಯ್ತಾ?" ಎಂದರು ಮುನಿಗಂಗಮ್ಮ, ಹೊಸ ಹಾಳೆಯನ್ನು ನೋಡುತ್ತಾ.

"ಸರಿಹೋಯ್ತು. ಆದ್ರೆ ಸಾದಾ ಬಂತಮ್ಮ."

"ಸಾದಾ ನೇಯೋದೇ ಕಷ್ಟ ಕಣೇ. ಒಂದೆಳೆ ತಪ್ಪಿದ್ರೂ ಎದ್ದು ಕಾಣ್ತೈತೆ."

ಹಾಳೆಯ ಮೇಲೆ ಗೇಣು ಹಾಕಲು ಕೈ ಅಗಲಿಸಿದ ಮುನಿಗಂಗಮ್ಮ, ಅಳೆಯಲು ಏನೂ ಸಿಗದೆ, ಹಾಗೇ ಹಿಂದಕ್ಕೆ ತೆಗೆದುಕೊಂಡರು.