ಉಡಿದಾರಕ್ಕೆ ಸಿಕ್ಕಿಸಿದ ಬಿಲ್ಲೆ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಬಂಡೆ ಓದೋದರಲ್ಲಿ ನನ್ನ ಮೀರಿಸೋರು ನಮ್ಮ ಗಣಿಯಲ್ಲಿ ಯಾರೂ ಇರಲಿಲ್ಲ. ಆಂಧ್ರದ ಗಡಿಯಾಚೆ, ನೆಲದ ಆಳದಲ್ಲಿದ್ದ ಚಿನ್ನದ ಗಣಿ ಅದು. ಒಳಗೆಲ್ಲ ಥಳಥಳ ಅಂತಿರುತ್ತಾ ಅಂತ ಊರಲ್ಲಿ ಎಲ್ಲರೂ ಕೇಳೋರು. ಅಲ್ಲಿ ಹೊಳೆಯೋದು ನಮ್ಮ ಬೆನ್ನಿನ ಬೆವರೊಂದೇ. ಕರಿಬಂಡೆಯ ನಡುವೆ ಬೆಣಚುಕಲ್ಲಿನ ಬಿಳಿ ಪಟ್ಟೆ ಓಡಿರುತ್ತೆ, ಅದರ ಜಾಡು ಹಿಡಿದು ಡ್ರಿಲ್ ಹೊಡೀಬೇಕು. ಚಿನ್ನ ಅದರೊಳಗೆ, ಕಣ್ಣಿಗೆ ಬೀಳಲ್ಲ. ಸೆಕೆ ಎಂಥದ್ದು ಅಂದರೆ, ಡಬ್ಬಿಯಲ್ಲಿ ಒಯ್ದ ಮುದ್ದೆ ಮಧ್ಯಾಹ್ನವಾದರೂ ಆರುತ್ತಿರಲಿಲ್ಲ.

ಕೆಳಗಿಳಿಯುವಾಗ ಪ್ರತಿಯೊಬ್ಬರೂ ನಂಬರಿನ ಹಿತ್ತಾಳೆ ಬಿಲ್ಲೆ ಒಯ್ಯಬೇಕು. ಮೇಲೆ ಬಂದ ಮೇಲೆ ಗಣಿಯ ಬಾಯಲ್ಲಿರೋ ಬೋರ್ಡಿನಲ್ಲಿ ಅವರವರ ಮೊಳೆಗೆ ನೇತುಹಾಕಬೇಕು. ಒಂದು ಮೊಳೆ ಖಾಲಿಯಿದ್ದರೂ ಒಬ್ಬ ಒಳಗಿದ್ದಾನೆ ಅಂತಲೇ ಅರ್ಥ, ಮದ್ದು ಸಿಡಿಸೋ ಹಾಗಿಲ್ಲ. ಜೇಬಲ್ಲಿಟ್ಟರೆ ಬಗ್ಗಿದಾಗ ಬಿದ್ದೀತು ಅಂತ ನಾನು ಬಿಲ್ಲೆಯನ್ನು ಪಿನ್ನು ಹಾಕಿ ಉಡಿದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಬಿಲ್ಲೆ ಮರೆತವರಿಗೆ ನಾನು ಬೈದಷ್ಟು ಮೇಸ್ತ್ರಿಯೂ ಬೈದಿರಲಿಲ್ಲ.

ತೊಂಡೇಬಾವಿಯಲ್ಲಿ ಬಾಮೈದನ ಗೃಹಪ್ರವೇಶ. ಹಿಂದಿನ ದಿನ ಪಾಳಿ ಮುಗಿಸಿ, ಮೈಮೇಲೆ ಎರಡು ಚೊಂಬು ನೀರು ಸುರಿದುಕೊಂಡು, ಓಡಿ ಬಸ್ಸು ಹತ್ತಿದೆ. ಚಿಂತಾಮಣಿ ಇನ್ನೇನು ಬಂತು ಅನ್ನುವಾಗ ಮೇಸ್ತ್ರಿಯ ಫೋನು.

"ಏಮಯ್ಯಾ, ಎಲ್ಲಿದೀಯ?"

"ಬಸ್ಸಲ್ಲಿ ಸಾರ್."

"ನಿನ್ನ ಮೊಳೆ ಖಾಲಿ ಇದೆ. ಇಬ್ಬರು ನಿನ್ನ ಹುಡುಕ್ಕೊಂಡು ಕೆಳಗಿಳಿದಿದಾರೆ. ಮದ್ದು ತುಂಬಿಸಿ ಸುಮ್ನೆ ಕೂತಿದೀವಿ."

"ಒಳಗೆ ಸಿಗ್ನಲ್ಲೇ ಇಲ್ವಲ್ಲ ಸಾರ್! ಮಾತಾಡ್ತಿದೀನಿ ಅಂದ್ರೆ ಮೇಲಿದೀನಿ ಅಂತ ತಾನೆ?"

"ಫೋನು ಯಾರು ಬೇಕಾದ್ರೂ ಎತ್ತಬಹುದು. ವಿಡಿಯೋ ಹಾಕು. ಮುಖ ತೋರಿಸು, ಬಿಲ್ಲೆ ತೋರಿಸು."

ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ಅಂಗಿ ಎತ್ತಿ ಉಡಿದಾರ ಎಳೆಯತೊಡಗಿದೆ. ಪಕ್ಕದ ಸೀಟಿನ ಅಜ್ಜಿ, "ಥೂ, ಏನಪ್ಪಾ ನೀನು! ಹೆಂಗಸರ ಮುಂದೆ ಪ್ಯಾಂಟಿಗೆ ಕೈ ಹಾಕ್ತೀಯಲ್ಲ!" ಅಂತ ಕೂಗಿತು.

ಕಂಡಕ್ಟರ್ ಓಡಿಬಂದ. "ಇಳಿಸಿಬಿಡ್ಲಾ ಅಜ್ಜಿ?"

"ಇರಪ್ಪ, ಏನು ತೆಗೀತಾನೋ ನೋಡಣ."

ಬಿಲ್ಲೆ ಈಚೆ ಬಂತು. ಮೇಸ್ತ್ರಿ ನಂಬರು ಓದಿ, "ನೀನೇ ಸರಿ. ಅವರಿಬ್ರನ್ನ ಮೇಲೆ ಕರೆಸ್ತೀನಿ. ಆದ್ರೆ ಬಿಲ್ಲೆ ಮೊಳೆಗೆ ಬೀಳೋವರೆಗೂ ಸಿಡಿಸಲ್ಲ," ಅಂದರು. ಇದೇ ರೂಲನ್ನು ಎಷ್ಟು ಜನಕ್ಕೆ ನಾನೇ ಹೇಳಿಕೊಟ್ಟಿದ್ದೆನೋ.

ಚಿಂತಾಮಣಿಯಲ್ಲಿಳಿದು ವಾಪಸ್ ಬಸ್ಸು ಹಿಡಿದೆ. ಗಣಿಯ ಬಾಯಲ್ಲಿ ಅವರಿಬ್ಬರೂ ಬೆವರಲ್ಲಿ ತೊಯ್ದು ತೊಪ್ಪೆಯಾಗಿ ಕೂತಿದ್ದರು.

"ಅಣ್ಣಾ, ಕೂಗಿ ಕೂಗಿ ಗಂಟಲು ಕಟ್ಟೋಯ್ತು," ಅಂದ ಒಬ್ಬ. "ಹೋಗೇಬಿಟ್ಟೆ ಅಂದ್ಕೊಂಡು ನಿನ್ನ ಬಗ್ಗೆ ಒಳ್ಳೇ ಮಾತೂ ಆಡಿಬಿಟ್ವಿ. ಎಲ್ಲಾ ವಾಪಸ್ ತಗೊಂಡಿದೀವಿ."

ಬಿಲ್ಲೆ ನೇತುಹಾಕಿದೆ. ಸ್ವಲ್ಪ ಹೊತ್ತಿಗೆ ಕಾಲಡಿಯ ನೆಲ ಗುಡುಗಿತು.

ತೊಂಡೇಬಾವಿ ಮುಟ್ಟಿದಾಗ ಹಾಲುಕ್ಕಿಸಿ ಆಗಿತ್ತು, ಕೊನೇ ಪಂಕ್ತಿ ಏಳುತ್ತಿತ್ತು.

"ಯಾಕ್ ಭಾವ ಇಷ್ಟು ಲೇಟು?" ಅಂದ ಬಾಮೈದ.

"ಏನ್ಮಾಡ್ಲಪ್ಪ," ಅಂದೆ, ಎದೆ ಸೆಟೆಸಿ. "ನಾನು ಬರ್ದೆ ಮದ್ದೇ ಸಿಡಿಸಲ್ಲ ಅಂತ ಕೂತ್ಬಿಟ್ರು."